ಹಸಿರು ದಾರಿಯಲ್ಲಿ ಹುರುಳಿ ಒಕ್ಕಣೆ

ಹುರುಳಿ ಒಕ್ಕುವ ವಿಷಯದಲ್ಲಿ ನಮ್ಮೂರಿನಲ್ಲಿ ನನಗೆ ಬುದ್ಧಿ ಹೇಳುವವರು ಯಾರೂ ಇಲ್ಲ. ಇದ್ದವರೆಲ್ಲ ಸತ್ತುಹೋದರು. ಜಂಬಕ್ಕೆ ಹೇಳುತ್ತಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ.

ಹಿಂದೆ ಕಣ ಮಾಡಿ, ಸಗಣಿ ಸಾರಿಸಿ, ಎತ್ತು ಕಟ್ಟಿ ಕಲ್ಲಿನ ಗುಂಡು ಉರುಳಿಸುತ್ತಿದ್ದೆವು. ಎತ್ತುಗಳನ್ನು ಮಾರಿದೆವು. ಕಣವಿದ್ದ ಜಾಗದಲ್ಲಿ ಮಗ ಮನೆ ಕಟ್ಟಿದ. ಈಗ ನಮ್ಮ ಸುಗಟೂರು ಕಡೆ ಎಲ್ಲರಿಗೂ ಟಾರು ರಸ್ತೆಯೇ ಕಣ. ಹುರುಳಿ ಗಿಡವನ್ನು ರಸ್ತೆಗೆ ಹರಡಿ ಹುಣಸೆ ಮರದ ನೆರಳಲ್ಲಿ ಕೂತರೆ ಆಯಿತು. ಬಸ್ಸು ತುಳಿಯುತ್ತದೆ, ಲಾರಿ ತುಳಿಯುತ್ತದೆ, ಕಾರಿನವನು ಬೈದುಕೊಂಡು ತುಳಿಯುತ್ತಾನೆ. ರಸ್ತೆ ಸರ್ಕಾರದ್ದು, ಗಾಲಿ ಊರವರದ್ದು, ಡೀಸೆಲ್ಲು ಯಾರದ್ದೋ. ಹುರುಳಿ ಮಾತ್ರ ನಮ್ಮದು!

ಆದರೆ ಅದೇ ರಸ್ತೆಯಲ್ಲಿ ನನ್ನ ಮೊಮ್ಮಗಳು ಪವಿತ್ರ ಸೈಕಲ್ ತುಳಿದುಕೊಂಡು ಹೈಸ್ಕೂಲಿಗೆ ಹೋಗಬೇಕು. ಅವಳ ಅಕ್ಕನಿಗೆ ಸ್ಕೂಲಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲು, ಬ್ರೇಕು ಹಿಡಿದರೆ ಹಂದಿಮರಿ ಹಾಗೆ ಕಿರುಚುತ್ತದೆ. ಟೊಮೇಟೊ ಕಾಲ ಬಂತೆಂದರೆ ಕೋಲಾರದ ಮಂಡಿಗೆ ಲಾರಿಗಳು ಹಾರುತ್ತವೆ, ಓಡುವುದಿಲ್ಲ. ಬೆಳಿಗ್ಗೆ ಪವಿ ಹೊರಟರೆ ನಾನು ರಸ್ತೆಗೆ ಬಂದು ನಿಲ್ಲುತ್ತಿದ್ದೆ. ತಿರುವಿನಲ್ಲಿ ಅವಳ ಜಡೆ ಮರೆಯಾಗುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ. ಸಂಜೆ ಅವಳ ಬ್ರೇಕು ಕಿರುಚಿದ ಮೇಲೇ ನನಗೆ ಬೇರೆ ಕೆಲಸ ಹತ್ತುತ್ತಿತ್ತು.

ಒಂದು ದಿನ ಲಾರಿಯ ಗಾಳಿಗೇ ಹುಡುಗಿ ಚರಂಡಿಗೆ ಬಿದ್ದಳು. ಮೊಣಕೈ ತರಚಿತು ಅಷ್ಟೆ. ಆದರೆ ನನ್ನ ಮಗ ನಾಗರಾಜ ತೀರ್ಪು ಕೊಟ್ಟುಬಿಟ್ಟ.

"ಇನ್ನೊಂದ್ಸಲ ಏನಾದ್ರೂ ಆಯ್ತಾ, ಸೈಕಲ್ ಅಟ್ಟಕ್ಕೆ, ಇವ್ಳು ಮನೇಲಿ. ಓದಿದ್ದು ಸಾಕು!"

ಪವಿ ಆ ದಿನ ಊಟ ಮಾಡಲಿಲ್ಲ. ನಾನು ಮಾಡಿದೆ. ಆದರೆ ಇಳಿಯಲಿಲ್ಲ.

ಅಷ್ಟರಲ್ಲಿ ರಸ್ತೆ ಅಗಲ ಮಾಡುತ್ತಾರೆಂದು ಗ್ರಾಮಸಭೆ ಕರೆದರು. ಎಂಜಿನಿಯರ್ ಬಂದು, "ರಸ್ತೆ ಪಕ್ಕ ಸೈಕಲ್‌ಗೆ ಅಂತ ಬೇರೆ ದಾರಿ ಮಾಡಬಹುದು. ಬೇಕಾ, ಬೇಡ್ವಾ?" ಎಂದು ಕೇಳಿದರು. ಅಂಗಡಿ ಕಿಟ್ಟಪ್ಪ ಮೊದಲೇ ಎದ್ದು ನಿಂತ.

"ಸೈಕಲ್ ಯಾರ್ ಸಾರ್ ತುಳೀತಾರೆ ಈಗ? ಮನೆಗೆ ಎರಡೆರಡು ಗಾಡಿ ಅವೆ. ಆ ಜಾಗನೂ ಸೇರಿಸಿ ರಸ್ತೆ ಅಗ್ಲ ಮಾಡಿ. ವ್ಯಾಪಾರ ಆಗ್ತದೆ."

ನಾನೂ ಎದ್ದು ನಿಂತೆ.

"ಏನ್ಲಾ ಕಿಟ್ಟಪ್ಪಾ, ನಿನ್ ಮಗ್ಳು ವ್ಯಾನಲ್ಲಿ ಹೋಗ್ತಾಳೆ. ನನ್ ಮೊಮ್ಮಗ್ಳು ಏನ್ ರೆಕ್ಕೆ ಕಟ್ಕೊಂಡು ಹೋಗ್ಬೇಕಾ? ಸಾರ್, ಮಕ್ಳಿಗೆ ಸೈಕಲ್ ಕೊಟ್ಟೋರು ನೀವೇ. ಸೈಕಲ್ ಕೊಟ್ಟು ದಾರಿ ಕೊಡ್ದಿದ್ರೆ, ಎಮ್ಮೆ ಕೊಟ್ಟು ಮೇವು ಕೊಡ್ದಂಗೆ. ಲಾರಿಗೆ ಅಗ್ಲ ಮಾಡಿದ್ರಿ, ಅದು ಇನ್ನೂ ಜೋರಾಗಿ ಓಡ್ತು. ಮತ್ತೆ ಅಗ್ಲ ಮಾಡಿದ್ರೆ ಇನ್ನೂ ಓಡ್ತದೆ. ಕೊನೆಗೆ ನಮ್ ಅಡುಗೆ ಮನೇಲೇ ಓಡ್ಸಿ!"

ಜನ ಚಪ್ಪಾಳೆ ತಟ್ಟಿದರು. ಎಂಜಿನಿಯರ್ "ಅಜ್ಜಿ ಮಾತಲ್ಲಿ ಪಾಯಿಂಟ್ ಇದೆ" ಎಂದರು. ಸಾರ್ವಜನಿಕ ಜೀವನಕ್ಕೆ ನನ್ನ ಪ್ರವೇಶ ಹೀಗಾಯಿತು.

ಕೊನೆಗೂ ದಾರಿ ಬಂತು. ರಸ್ತೆಯ ಅಂಚಿಗೆ ಹಸಿರು ಬಣ್ಣ ಬಳಿದ ಉದ್ದನೆಯ ಪಟ್ಟಿ. ಅದಕ್ಕೂ ಲಾರಿಗಳಿಗೂ ನಡುವೆ ಮೊಣಕಾಲೆತ್ತರದ ರಬ್ಬರ್ ಗೂಟಗಳು. ಮೊದಲ ದಿನ ಪವಿ ಅದರ ಮೇಲೆ ಹೋದಾಗ ನಾನು ತಿರುವಿನವರೆಗೆ ನೋಡಲೇ ಇಲ್ಲ. ಒಳಗೆ ಹೋಗಿ ಕಾಫಿ ಕುಡಿದೆ.

ಅಲ್ಲಿಗೆ ಸುಮ್ಮನಿರಬೇಕಿತ್ತು. ಇರಲಿಲ್ಲ. ದಾರಿ ತಂದವಳು ನಾನು, ಕಾಯುವವಳೂ ನಾನೇ ಎಂದುಕೊಂಡೆ. ಕಿಟ್ಟಪ್ಪ ಹಸಿರು ಪಟ್ಟಿಯ ಮೇಲೆ ಬೋಂಡದ ಒಲೆ ಇಟ್ಟ. ಒಂದು ಚೊಂಬು ನೀರು ಸುರಿದು ಆರಿಸಿದೆ. ಪಕ್ಕದ ಮನೆ ರೆಡ್ಡೆಮ್ಮ ಗೂಟಕ್ಕೆ ಕರು ಕಟ್ಟಿದಳು. ಆಂಧ್ರದ ಗಡಿಯ ರಾಯಲ್ಪಾಡಿನಿಂದ ಸೊಸೆಯಾಗಿ ಬಂದವಳು ಅವಳು, ಸಿಟ್ಟು ಬಂದರೆ ಮೊದಲು ತೆಲುಗೇ ಬರುವುದು.

"ಏಮಕ್ಕಾ ಇದಿ! ಕರು ಏನು ನಿನ್ ಸೈಕಲ್‌ಗೆ ಅಡ್ಡ ಬರ್ತದಾ?"

"ಸೈಕಲ್ ದಾರೀಲಿ ಸೈಕಲ್ ಬಿಟ್ರೆ ಇರುವೆನೂ ಓಡಾಡ್ಬಾರ್ದು ಕಣೇ!" ಎಂದು ಕರು ಬಿಚ್ಚಿ ಓಡಿಸಿದೆ. ಅದು ನೆಟ್ಟಗೆ ನಮ್ಮ ಹಿಪ್ಪುನೇರಳೆ ತೋಟಕ್ಕೇ ನುಗ್ಗಿತು.

ಆಮೇಲೆ ನನ್ನ ಹುರುಳಿಯ ಕಾಲ ಬಂತು.

ಕಿತ್ತು ಒಣಗಿಸಿದ ಗಿಡ ಮನೆ ಪಕ್ಕದಲ್ಲಿ ರಾಶಿ ಬಿದ್ದಿತ್ತು. ಶನಿವಾರ ಸಂಜೆ ಮೂಡಣದಲ್ಲಿ ಮೋಡ ಕಟ್ಟಿತು. ಈ ಹೊತ್ತಿನಲ್ಲಿ ಮಳೆ ಬಿದ್ದರೆ ಹುರುಳಿ ಅಲ್ಲೇ ಮೊಳಕೆ ಒಡೆದು ಸರ್ವನಾಶ. ಅಗಲ ಮಾಡಿದ ರಸ್ತೆಗೆ ಹರಡೋಣವೆಂದರೆ, ಲಾರಿಗಳ ಓಟಕ್ಕೆ ಗಿಡ ತಿರುವಿ ಹಾಕಲು ಒಳಗೆ ಹೋದವಳು ಹೊರಗೆ ಬರುವ ಭರವಸೆ ಇಲ್ಲ. ನಾನು ಆಕಾಶ ನೋಡುತ್ತಾ ನಿಂತಿದ್ದಾಗಲೇ ಪವಿ ಬಂದು ಹೇಳಿದಳು.

"ಅಜ್ಜೀ, ನಾಳೆ ನಮ್ ದಾರಿ ಉದ್ಘಾಟನೆ. ಸೈಕಲ್ ಜಾಥಾ. ನಾನೇ ಮುಂದ್ಗಡೆ! ನೀನು ಮನೆ ಮುಂದೆ ನಿಂತಿರ್ಬೇಕು, ಆಯ್ತಾ?"

"ಹೂಂ ಹೂಂ, ನಿಂತಿರ್ತೀನಿ ಹೋಗು" ಎಂದೆ. ಕಿವಿ ಅವಳ ಕಡೆ ಇತ್ತು, ಮನಸ್ಸು ಮೋಡದ ಕಡೆ. ಕೊಟ್ಟ ಮಾತಿಗೆ ಮಾತ್ರ ತಪ್ಪಲಿಲ್ಲ. ಮಾರನೇ ದಿನ ಮನೆ ಮುಂದೆಯೇ ನಿಂತಿದ್ದೆ!

ಭಾನುವಾರ ಬೆಳಿಗ್ಗೆ ಪವಿ ಯೂನಿಫಾರಂ ಹಾಕಿಕೊಂಡು ಹೊರಟಳು. ಭಾನುವಾರ ಯೂನಿಫಾರಂ ಏಕೆ ಎಂದು ಕೇಳುವಷ್ಟು ಬುದ್ಧಿ ನನಗೆ ಹೊಳೆಯಲಿಲ್ಲ. ಹೊಳೆದದ್ದು ಬೇರೆ. ಇವತ್ತು ಸ್ಕೂಲಿಲ್ಲ, ಹಸಿರು ದಾರಿ ಖಾಲಿ. ನುಣ್ಣಗಿದೆ, ಲಾರಿ ಬರುವುದಿಲ್ಲ. ಇಂಥ ಕಣ ನನ್ನ ಮಾವನವರೂ ಕಂಡಿರಲಿಲ್ಲ!

"ಏನ್ರೀ, ಏಳ್ರಿ. ಹುರುಳಿ ಹರಡೋಣ."

ನಮ್ಮ ಯಜಮಾನರು ಬೀಡಿ ಬಾಯಿಂದ ತೆಗೆದರು. "ಇರುವೆನೂ ಓಡಾಡ್ಬಾರ್ದು ಅಂದಿದ್ದು ಯಾರೇ?"

"ಹುರುಳಿ ಓಡಾಡಲ್ಲ. ಬಿದ್ದಿರ್ತದೆ."

ಹರಡಿದೆವು. ಹರಡಿದ ಮೇಲೆ ಗೊತ್ತಾಯಿತು, ಲಾರಿ ಬಾರದ ದಾರಿಯಲ್ಲಿ ಹುರುಳಿ ತುಳಿಯುವವರು ಯಾರು? ಅಷ್ಟು ಹೊತ್ತಿಗೆ ಒಬ್ಬ ಹಾಲಿನವನು ಸೈಕಲ್ಲಿನಲ್ಲಿ ಬಂದ. "ಇನ್ನೊಂದು ಸುತ್ತು ತುಳಿಯಪ್ಪಾ" ಎಂದೆ. ಅವನು ನನ್ನ ಮುಖ ನೋಡಿ ಜೋರಾಗಿ ಹೋದ. ಒಂದು ಕಾಯಿ ಕೂಡ ಒಡೆಯಲಿಲ್ಲ. ಸೈಕಲ್ಲು ಎಷ್ಟು ಸಾಧು ವಾಹನ ಎಂಬುದು ನನಗೆ ಮನವರಿಕೆಯಾದದ್ದು ಆಗಲೇ.

ಕೊನೆಗೆ ರೆಡ್ಡೆಮ್ಮನ ಬಾಗಿಲಿಗೇ ಹೋಗಿ, ಅವಳ ಟ್ರ್ಯಾಕ್ಟರ್ ಬೇಕೆಂದೆ.

"ಕರು ಹೋಗಬಾರದು, ಟ್ರ್ಯಾಕ್ಟರ್ ಹೋಗಬೋದಾ ಅಕ್ಕಾ?" ಎಂದು ಅವಳು ನಕ್ಕಳು. ನಕ್ಕರೂ ಮಗನನ್ನು ಕಳಿಸಿದಳು. ಒಂದು ಗಾಲಿ ಹಸಿರಿನ ಮೇಲೆ, ಇನ್ನೊಂದು ಮಣ್ಣಿನ ಮೇಲೆ ಟ್ರ್ಯಾಕ್ಟರ್ ಓಡಾಡಿತು. ಅಡ್ಡ ಸಿಕ್ಕಿದ ರಬ್ಬರ್ ಗೂಟಗಳು ಬಗ್ಗಿ ನಮಸ್ಕಾರ ಮಾಡಿ, ಮತ್ತೆ ಎದ್ದು ನಿಂತವು. ಸರ್ಕಾರದ ಕೆಲಸ ಇಷ್ಟು ಗಟ್ಟಿಯಾಗಿರುವುದು ಕಂಡು ಸಂತೋಷವೂ ಆಯಿತು.

ಒಕ್ಕಣೆ ಮುಗಿಯಿತು. ಗಿಡವನ್ನೆಲ್ಲ ಎತ್ತಿ ಪಕ್ಕದಲ್ಲಿ ಮೆದೆಯ ಹಾಗೆ ಒಟ್ಟಿದೆವು. ಹಸಿರು ದಾರಿಯ ಮೇಲೆ ಬರೀ ಹುರುಳಿ ಕಾಳು, ಹಾಸಿದ ಹಾಗೆ. ನಾನು ಮೊರ ಹಿಡಿದು ಗಾಳಿಗೆ ತೂರುತ್ತಿದ್ದೆ. ಮೋಡವೂ ಚೆದುರಿತು. ಜೀವನದಲ್ಲಿ ಅಷ್ಟು ನೆಮ್ಮದಿ ನನಗೆ ಆಗಬಾರದಿತ್ತು.

ತಿರುವಿನ ಕಡೆಯಿಂದ ತಮಟೆ ಕೇಳಿಸಿತು.

ನೋಡಿದೆ. ಹಸಿರು ದಾರಿಯ ತುಂಬ ಸೈಕಲ್ಲುಗಳು! ಮುಂದೆ ಉದ್ಘಾಟನೆಗೆ ಬಂದ ಬಿಳಿ ಬಟ್ಟೆಯ ದೊಡ್ಡ ಮನುಷ್ಯರೊಬ್ಬರು, ಹೊಸ ಸೈಕಲ್ಲಿನ ಮೇಲೆ ಓಲಾಡಿಕೊಂಡು. ಪಕ್ಕದಲ್ಲಿ ಬಾವುಟ ಕಟ್ಟಿದ ಸೈಕಲ್ಲಿನಲ್ಲಿ ನನ್ನ ಪವಿ. ಹಿಂದೆ ಎಂಜಿನಿಯರ್, ಅವರ ಹಿಂದೆ ಮಕ್ಕಳು.

"ನಿಲ್ಸೀ! ನಿಲ್ಸೀ!" ಎಂದು ಮೊರ ಎತ್ತಿ ಬೀಸಿದೆ. ತಮಟೆಯ ಸದ್ದಿಗೆ ಒಂದೂ ಕೇಳಿಸಲಿಲ್ಲ. ನಾನು ಸ್ವಾಗತ ಕೋರುತ್ತಿದ್ದೇನೆಂದು ದೊಡ್ಡ ಮನುಷ್ಯರು ನಗುತ್ತಾ ಒಂದು ಕೈ ಬಿಟ್ಟು ನನ್ನ ಕಡೆ ಬೀಸಿದರು. ಎರಡೂ ಕೈಯಲ್ಲಿ ಹಿಡಿದರೇ ಅವರಿಗೆ ಸೈಕಲ್ ನೆಟ್ಟಗೆ ನಿಲ್ಲುತ್ತಿರಲಿಲ್ಲ!

ಹುರುಳಿ ಕಾಳಿನ ಮೇಲೆ ಗಾಲಿ ಬಂದದ್ದೇ ತಡ, ಸೈಕಲ್ಲು ಒಂದು ಕಡೆ ಹೋಯಿತು, ದೊಡ್ಡವರು ಇನ್ನೊಂದು ಕಡೆ. ನಾವು ಒಟ್ಟಿದ್ದ ಮೆದೆಗೆ ತಲೆ ಮುಂದಾಗಿ ಹೊಕ್ಕರು. ಅವರನ್ನು ಎತ್ತಲು ಓಡಿದ ಎಂಜಿನಿಯರ್ ಜಾರಿ ಅವರ ಮೇಲೇ ಬಿದ್ದರು. ಮಕ್ಕಳು ಒಬ್ಬರ ಹಿಂದೆ ಒಬ್ಬರು ಸರಸರನೆ ಮೆದೆಗೇ ಬಂದರು. ಹೊಟ್ಟು ಮೆತ್ತಗಿತ್ತು, ಯಾರಿಗೂ ಏನೂ ಆಗಲಿಲ್ಲ.

ಪವಿ ಮಾತ್ರ ಬೀಳಲಿಲ್ಲ. ಹ್ಯಾಂಡಲ್ ತಿರುಗಿಸಿ, ಎರಡು ಗೂಟಗಳ ನಡುವೆ ನುಸುಳಿ, ದೊಡ್ಡ ರಸ್ತೆಗೆ ಹೋಗಿಬಿಟ್ಟಳು.

ಅಲ್ಲಿ ಟೊಮೇಟೊ ಲಾರಿ ಬರುತ್ತಿತ್ತು.

ಹಾರನ್ನು, ಬ್ರೇಕು, ಧೂಳು. ನಾನು ಕಣ್ಣು ಮುಚ್ಚಲಿಲ್ಲ. ಮುಚ್ಚಲು ಬರಲಿಲ್ಲ. ಅವಳನ್ನು ಲಾರಿಯಿಂದ ದೂರ ಇಡಲು ಸಭೆಯಲ್ಲಿ ಕೂಗಾಡಿ ತಂದ ದಾರಿ. ಆ ದಾರಿಯಿಂದ ಅವಳನ್ನು ಲಾರಿ ಮುಂದೆ ತಳ್ಳಿದ್ದು ನನ್ನ ಹುರುಳಿ.

ಧೂಳು ಇಳಿಯಿತು. ಲಾರಿ ನಿಂತಿತ್ತು. ಅದರ ಮೂತಿಗೆ ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಪವಿ, ಎರಡೂ ಕಾಲು ನೆಲಕ್ಕೆ ಊರಿ, ಬಾವುಟದ ಸಮೇತ. ಮೇಲಿನಿಂದ ಒಂದು ಕ್ರೇಟು ಕಳಚಿ ಟೊಮೇಟೊ ಉರುಳಿಕೊಂಡು ನನ್ನ ಕಾಲ ಬಳಿಗೆ ಬಂದವು. ನಾನು ಆಗಲೇ ಹುರುಳಿಯ ಮೇಲೆ ಕುಸಿದು ಕೂತಿದ್ದೆ.

ಡ್ರೈವರ್ ತಲೆ ಹೊರಗೆ ಹಾಕಿದ. "ಯಾರಮ್ಮಾ ರೋಡಲ್ಲಿ ಬೆಳೆ ಹಾಕಿರೋರು? ಬುದ್ಧಿ ಐತಾ?"

ಇಲ್ಲ ಎಂದು ತಲೆ ಆಡಿಸಿದೆ.

ದೊಡ್ಡ ಮನುಷ್ಯರು ಮೆದೆಯಿಂದ ಎದ್ದರು. ತಲೆಯ ತುಂಬ ಹೊಟ್ಟು, ಕಿವಿಯಲ್ಲಿ ಒಂದು ಕಾಯಿ. "ಯಾರದ್ದು ಈ ಹುರುಳಿ?" ಎಂದರು. ಕಿಟ್ಟಪ್ಪ ಓಡಿಬಂದು ಬೆರಳು ತೋರಿಸಿದ. ಬೋಂಡದ ಒಲೆಯ ಸೇಡು! ಎಂಜಿನಿಯರ್ ನನ್ನ ಗುರುತು ಹಿಡಿದು, "ಸಾರ್, ಈ ದಾರಿ ಬೇಕು ಅಂತ ಕೇಳಿದ್ದೂ ಇವರೇ" ಎಂದರು. ದೊಡ್ಡವರು ನನ್ನನ್ನೊಮ್ಮೆ, ಹುರುಳಿಯನ್ನೊಮ್ಮೆ ನೋಡಿ, ತಲೆಯ ಹೊಟ್ಟು ಕೊಡವಿಕೊಂಡು ಕಾರಿನಲ್ಲಿ ಹೋದರು.

ಮನೆಯಲ್ಲಿ ನಾಗರಾಜ ಪವಿಯ ಸೈಕಲ್ ಎತ್ತಿಕೊಂಡು ನೇರ ಅಟ್ಟದ ಏಣಿಯ ಬಳಿಗೆ ನಡೆದ. ಸಭೆಯಲ್ಲಿ ಅಷ್ಟು ಮಾತಾಡಿದವಳು ಈಗ ಏಣಿಗೆ ಅಡ್ಡ ಹೋಗಿ ನಿಂತೆ, ಅಷ್ಟೆ.

ಪವಿ ಹೇಳಿದಳು, "ಅಪ್ಪಾ, ಸೈಕಲ್ ಏನ್ ಮಾಡ್ತು? ದಾರಿನೂ ಚೆನ್ನಾಗೇ ಐತೆ. ಅಟ್ಟಕ್ಕೆ ಹಾಕೋದಾದ್ರೆ ಅಜ್ಜಿನ ಹಾಕು!"

"ಅಟ್ಟ ತಡೆಯಲ್ಲ" ಎಂದರು ಯಜಮಾನರು.

ನಾಗರಾಜನ ಮುಖ ಬಿಗಿದೇ ಇತ್ತು, ಆದರೆ ಮೀಸೆ ಅದುರಿತು. ಸೈಕಲ್ ಕೆಳಗಿಟ್ಟ. "ಅವ್ವಾ, ನಾಳೆಯಿಂದ ಇವ್ಳು ಹೊರಡೋದ್ರೊಳಗೆ ನಮ್ಮನೆ ಮುಂದಿನ ದಾರಿ ಗುಡಿಸಿರ್ಬೇಕು. ಒಂದ್ ಕಾಳು ಕಾಣಿಸ್ಬಾರ್ದು" ಎಂದ. ಶಿಕ್ಷೆ ಕಡಿಮೆಯಾಯಿತು ಎಂದು ಒಪ್ಪಿಕೊಂಡೆ.

ಆ ರಾತ್ರಿ ಗುಡಿಸಿ ತಂದ ಹುರುಳಿಯದೇ ಸಾರು. ಯಜಮಾನರು ಬಾಯಿಂದ ಒಂದು ಹಸಿರು ಬಣ್ಣದ ಚೂರು ತೆಗೆದು ತಟ್ಟೆಯ ಅಂಚಿಗೆ ಇಟ್ಟರು. "ಲೇ, ಸೈಕಲ್ ದಾರಿ ಹೊಟ್ಟೆವರ್ಗೂ ಬಂತು ಕಣೇ."

ಮುಂದಿನ ಗ್ರಾಮಸಭೆಯಲ್ಲಿ ಹಸಿರು ದಾರಿಯನ್ನು ಕೋಲಾರದವರೆಗೂ ಎಳೆಯೋಣವೇ ಎಂದು ಕೇಳಿದರು. ನಾನು ಏಳುವಷ್ಟರಲ್ಲಿ ಇಡೀ ಸಭೆ "ಕೂತ್ಕೋ ಮುನಿಯಮ್ಮಾ!" ಎಂದು ಕೂಗಿತು. ಕೂರಲಿಲ್ಲ. "ದಾರಿ ಬೇಕೇ ಬೇಕು ಸಾರ್. ಆದ್ರೆ ಊರಿಗೊಂದು ಒಕ್ಕಣೆ ಕಣಾನೂ ಮಾಡಿಕೊಡಿ. ಇಲ್ದಿದ್ರೆ ಮೋಡ ಬಂದ ದಿನ ನನ್ನನ್ನ ನಾನೇ ನಂಬಲ್ಲ" ಎಂದೆ. ಈ ಸಲ ಚಪ್ಪಾಳೆ ಬರಲಿಲ್ಲ. ಎಂಜಿನಿಯರ್ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು ನಿಂತು, ಆಗಲಿ ಎಂದರು.

ಈಗ ದಿನಾ ಬೆಳಿಗ್ಗೆ ಗುಡಿಸುತ್ತೇನೆ. ಕನ್ನಡಿಯ ಹಾಗೆ ಇರುತ್ತದೆ. ಪೊರಕೆ ಹಿಡಿದು ನಿಂತು, "ಸೈಕಲ್ ಹತ್ತೇ ಪವಿ, ಒಂದ್ ಕಾಳೂ ಇಲ್ಲ" ಎನ್ನುತ್ತೇನೆ.

"ಬೇಡ ಬಿಡಜ್ಜೀ."

ಊರೆಲ್ಲ ಸೈಕಲ್ ತುಳಿಯುವ ಹುಡುಗಿ, ನಮ್ಮ ಮನೆಯ ಮುಂದೆ ಮಾತ್ರ ಇಳಿದು, ನೆಲ ನೋಡಿಕೊಂಡು, ಸೈಕಲ್ ತಳ್ಳಿಕೊಂಡು ಹೋಗುತ್ತಾಳೆ. ಹುಣಸೆ ಮರ ದಾಟಿದ ಮೇಲೆ ಹತ್ತುತ್ತಾಳೆ. ಪಕ್ಕದಲ್ಲೇ ಲಾರಿಗಳು ಹಾರುತ್ತಿರುತ್ತವೆ. ಅವುಗಳ ಕಡೆ ಅವಳು ತಿರುಗಿ ಕೂಡ ನೋಡುವುದಿಲ್ಲ.