ಹಗುರಾದ ಹ್ಯಾಂಡಲ್

ಹಣಮಂತ್ರಾಯ ಮೋನಮ್ಮನನ್ನು ಮೊದಲು ಕಂಡದ್ದು ಕನ್ಯೆ ನೋಡಲು ಹೋದ ದಿನವೇ. ಆದರೆ ಮನೆಯಲ್ಲಲ್ಲ, ಕಾಲುವೆಯ ದಂಡೆಯಲ್ಲಿ. ಚಳಿಗಾಲದ ಬೆಳಗು. ಅವಳಪ್ಪ ಚಂದ್ರಾಮಪ್ಪ ಧೋತರ ಮೇಲೆ ಕಟ್ಟಿಕೊಂಡು, ನೀರೆತ್ತುವ ಡೀಸೆಲ್ ಎಂಜಿನ್ನಿನ ಹ್ಯಾಂಡಲ್ ಹಿಡಿದು ಒದ್ದಾಡುತ್ತಿದ್ದ. ಇಸ್ತ್ರಿ ಪ್ಯಾಂಟಿನ ಹಣಮಂತ್ರಾಯ "ಸರೀರಿ ಮಾವಾರ" ಎಂದು ಕೈ ಹಾಕಿದ (ಮದುವೆ ಗೊತ್ತಾಗುವ ಮೊದಲೇ ಮಾವ!). ಹ್ಯಾಂಡಲ್ ಅರ್ಧ ಸುತ್ತೂ ತಿರುಗಲಿಲ್ಲ. ಅವನು ಮಾತ್ರ ಪೂರ್ತಿ ತಿರುಗಿ ಕೆಸರಿನಲ್ಲಿ ಕುಳಿತ. ಬುತ್ತಿ ತಂದಿದ್ದ ಮೋನಮ್ಮ ಬಾಯಿ ಮುಚ್ಚಿಕೊಂಡಳು, ಕಣ್ಣುಗಳು ನಕ್ಕೇಬಿಟ್ಟವು.

ಮದುವೆಯೇನೋ ಆಯಿತು; ಅಂದಿನಿಂದ ಮಾವನ ಊರಲ್ಲಿ ಅವನಿಗೊಂದು ಬಿರುದು: "ಓದಿದ ಕೈ, ಭಾಳ ಮೆತ್ತಗ." ಬಿರುದಿನಿಂದ ನೋವಿದ್ದಷ್ಟೇ ಲಾಭವೂ ಇತ್ತು. ಮಾವನೂ ಪಕ್ಕದ ಹೊಲದ ಭೀಮರಾಯನೂ ಜೋಡಿಯಾಗಿ ಇಬ್ಬರ ಎಂಜಿನ್ನಿಗೂ ಹ್ಯಾಂಡಲ್ ಹೊಡೆಯುವಾಗ ಅಳಿಯ ಬೇವಿನ ಕೆಳಗೆ ಚಹಾ ಕುಡಿಯಬಹುದಿತ್ತು.

ಆದರೆ ಗಂಡಸಿನ ಮಾನ ಚಹಾದಿಂದ ತಣಿಯುವುದಿಲ್ಲ. ಕಲಬುರಗಿಯಲ್ಲಿ ಸಂಶೋಧನೆ ಮಾಡುತ್ತಿದ್ದ ಅವನು ಮುಂದಿನ ಚಳಿಗಾಲ ಹೆಂಡತಿಯೊಂದಿಗೆ ಮಾವನ ಊರಿಗೆ ಬರುವಾಗ ಒಂದು ಸೀಸೆ ತಂದಿದ್ದ. ಒಳಗೆ ಕಣ್ಣಿಗೆ ಕಾಣದ ಕಣಗಳ ಮಿಶ್ರಣ, ನ್ಯಾನೊಕಾಂಪೊಸಿಟ್. ಎಂಜಿನ್ ಆಯಿಲಿಗೆ ಬೆರೆಸಿದರೆ ಅದರ ಮಂದತನ ಇಳಿಯುತ್ತದೆ.

ಅಂದು ಭೀಮರಾಯ ಕೆಂಭಾವಿ ಸಂತೆಗೆ ಹೋಗಿದ್ದ. ಮಧ್ಯಾಹ್ನಕ್ಕೆ ಕಾಲುವೆಯ ನೀರು ಬಂದ್ ಆಗುವುದಿತ್ತು. ಹೂ ಬಿಟ್ಟ ಮೆಣಸಿನ ಗಿಡಗಳು ಬಾಡಿ ನಿಂತಿದ್ದವು. ಒಬ್ಬನೇ ಜಗ್ಗಿ ಜಗ್ಗಿ ಚಂದ್ರಾಮಪ್ಪ ಸೊಂಟ ಹಿಡಿದು ಕುಳಿತ.

"ಮಾವಾರ, ಚಳಿಗೆ ಆಯಿಲ್ ಮಂದ ಆಗ್ಯಾದ. ಅದರ ಸ್ನಿಗ್ಧತೆ ಇಳಸ್ತೀನಿ."

"ಏನರ ಇಳಸ್ರಿ, ನನ್ನ ಮಾರಿ ಒಂದ್ ಇಳಸಬ್ಯಾಡ್ರಿ. ಎತ್ತು ಮಾರಿ ತಂದ ಎಂಜಿನ್ ಅದ."

"ಇದು ಕೆಟ್ಟಿತಂದ್ರ ನಾ ತವರಿಗೆ ಯಾವ ಮಾರಿ ಹೊತ್ತು ಬರ್ಲಿ?" ಎಂದಳು ಮೋನಮ್ಮ.

ಹಣಮಂತ್ರಾಯ ಸೀಸೆಯದನ್ನು ಆಯಿಲಿಗೆ ಬೆರೆಸಿ ಎಂಜಿನ್ನಿಗೆ ಸುರಿದ. ನಾಲ್ಕು ಹನಿ ಚಪ್ಪಲಿಗೂ ಬಿದ್ದವು. ಹ್ಯಾಂಡಲಿನತ್ತ ಬಾಗಿದರೆ ಮಾವ ಕೂಗಿದ: "ನೀವು ಬ್ಯಾಡ್ರಿ! ಕೈ ಉಳುಕೀತು!"

ಮೋನಮ್ಮ ಸೆರಗು ಸಿಕ್ಕಿಸಿ ತಾನೇ ಹಿಡಿದಳು. ಹ್ಯಾಂಡಲ್ ಬೀಸುಕಲ್ಲಿನಂತೆ ಗರಗರ ತಿರುಗಿತು. ಎಂಜಿನ್ ಒಮ್ಮೆ ಕೆಮ್ಮಿ, ಬಿಳಿ ಹೊಗೆ ಕಾರಿ, ನಿಂತಿತು.

ಮಾವ ಸೊಂಟದ ನೋವು ಮರೆತು ಎದ್ದುನಿಂತ.

"ಕೊಂದ್ರಿ?" ಎಂದ ಚಂದ್ರಾಮಪ್ಪ.

ಅವಳು ಮತ್ತೊಮ್ಮೆ ತಿರುಗಿಸಿದಳು. ಡಗ್, ಡಗ್, ಡಗಡಗಡಗ! ಪೈಪಿನ ಬಾಯಲ್ಲಿ ನೀರು ನೆಗೆದು ಸಾಲಿಗೆ ಹರಿಯಿತು.

ಹಣಮಂತ್ರಾಯನ ಎದೆ ಉಬ್ಬಿತು. ಮಾವ ಮಗಳ ಕೈ ನೋಡಿದ, ಅಳಿಯನ ಕೈ ನೋಡಿದ.

"ಅಂದ್ರ ಇನ್ನ ತಾಕತ್ತು ಬೇಕಾಗಿಲ್ಲ?"

"ಎಳ್ಳಷ್ಟೂ ಬ್ಯಾಡ್ರಿ ಮಾವಾರ!"

"ಯಾರ್ ಬೇಕಾದ್ರೂ ಹೊಡೀಬಹುದು?"

"ಯಾರ್ ಬೇಕಾದ್ರೂ! ಅದೇ ವಿಜ್ಞಾನ!"

"ನೀವೂ?"

ವಿಜ್ಞಾನ ಗಕ್ಕನೆ ನಿಂತಿತು. ಮೋನಮ್ಮ ಗಂಡನ ಕೈಗೆ ಹ್ಯಾಂಡಲ್ ಕೊಟ್ಟು, "ನಂಗ ರೊಟ್ಟಿ ಬಡಿಯೋದದ" ಎಂದು ಮನೆಯತ್ತ ನಡೆದಳು.

ಹಣಮಂತ್ರಾಯ ಈಗ ಶಹಾಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾನೆ. ರಜೆಯ ದಿನ ಬೆಳಗ್ಗೆ ಮಾವನ ಎಂಜಿನ್ ಶುರು ಮಾಡುತ್ತಾನೆ, ಆಮೇಲೆ ಭೀಮರಾಯನದು.