ಬರುವಾಗ ಏರು

ಭೂಮಿ ದುಂಡಗಿದೆಯೆಂದು ನಮ್ಮ ಸೋದರಮಾವ ಎಂದೂ ಒಪ್ಪಲಿಲ್ಲ. ಅವನ ಪ್ರಕಾರ ಭೂಮಿ ಇಳಿಜಾರಾಗಿತ್ತು. ಮೇಲಿನ ತುದಿಯಲ್ಲಿ ನಮ್ಮ ಬ್ಯಾಡಗಿ, ಉಳಿದ ಜಗತ್ತೆಲ್ಲ ಅದರ ತಗ್ಗಿನಲ್ಲಿ!

ಇದಕ್ಕೆ ಪುರಾವೆಯೂ ಇತ್ತು. ಸೈಕಲ್ ಮೇಲೆ ಕದರಮಂಡಲಗಿಯ ಹನುಮಪ್ಪನ ಗುಡಿಗೆ ಹೋಗಲು ಅರ್ಧ ತಾಸು, ಬರಲು ಒಂದೂವರೆ ತಾಸು. "ಬರೂವಾಗ ಏರು ಐತಿ, ಅದಕ್ಕ" ಎನ್ನುತ್ತಿದ್ದ. ಬರುವಾಗ ಸಿಕ್ಕ ಸಿಕ್ಕ ಅಂಗಡಿಯಲ್ಲಿ ಚಹಾ ಕುಡಿದು ಮೆಣಸಿನಕಾಯಿ ದರ ಚರ್ಚಿಸಿದ್ದು ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ. ಕಿಲೋಮೀಟರ್ ಎಂದರೆ ಅವನಿಗೆ ಸಿಟ್ಟು. "ಅದು ಕಲ್ಲು ನೆಡಾವ್ರ ಲೆಕ್ಕ. ನಮ್ಮದು ಗಡಿಯಾರದ ಲೆಕ್ಕ."

ಇಂಥವನ ಕೈಗೆ ನನ್ನ ಮದುವೆ ಸಿಕ್ಕಿತು! ಎಂಬತ್ತರ ದಶಕದ ಕೊನೆಯ ಮಾತು. ರಾಣೇಬೆನ್ನೂರಿನ ಹುಡುಗ, ದುಬೈಯಲ್ಲಿ ಎಲೆಕ್ಟ್ರಿಷಿಯನ್. ಹುಡುಗ ನನ್ನ ಮನಸ್ಸಿಗೆ ಬಂದಿದ್ದ. ದುಬೈ ಅವ್ವನ ಮನಸ್ಸಿಗೆ ಬಂದಿರಲಿಲ್ಲ. "ಚೊಚ್ಚಲ ಬಾಣಂತನಕ್ಕ ಇಕಿ ತವರಿಗೆ ಬರೂದು ಹ್ಯಾಂಗ? ಯಾರು ಕರ್ಕೊಂಡು ಬರಾವ್ರು?" ಎಂದು ಹಟ ಹಿಡಿದಿದ್ದಳು.

ಹೆಣ್ಣು ನೋಡಲು ಬಂದವರ ಮುಂದೆ ಮಾಮಾ ಕೇಳಿದ್ದು ಒಂದೇ ಪ್ರಶ್ನೆ. ಪಗಾರ ಎಷ್ಟೆಂದಲ್ಲ!

"ಮುಂಬಯಿಂದ ವಿಮಾನ ಎಷ್ಟಕ್ಕ ಬಿಡತೈತ್ರಿ?"

"ಹತ್ತಕ್ಕ ಬಿಟ್ಟು ಹನ್ನೊಂದೂವರಿಗೆ ದುಬೈ ಮುಟ್ಟತೈತ್ರಿ," ಎಂದ ಹುಡುಗ. "ಆದ್ರ ಅಲ್ಲಿ ಗಡಿಯಾರ ಒಂದೂವರಿ ತಾಸು ಹಿಂದ..."

ಮಾಮಾ ಆಗಲೇ ಅವ್ವನ ಕಡೆ ತಿರುಗಿದ್ದ. "ಕೇಳಿದೇನಕ್ಕಾ? ಒಂದೂವರಿ ತಾಸು. ಹುಬ್ಬಳ್ಳಿಗಿಂತ ಹತ್ರ ಐತಿ ದುಬೈ."

"ಮತ್ತ ಮುಂಬಯಿ ಮಟಾ ಹೋಗೂದು?"

"ಅದು ಹಾದ್ಯಾಗ ಸಿಗೂ ಊರು. ಅದನ್ಯಾಕ ಹಿಡೀತಿ?"

ಹುಡುಗ ಪಾಪ, ಹೋಗಲಿ ಬರಲಿ ವಿಮಾನ ಹಾರುವುದು ಮೂರೇ ತಾಸು, ಬರುವಾಗ ಮಾತ್ರ ಗಡಿಯಾರದಲ್ಲಿ ನಾಲ್ಕೂವರೆ ಕಾಣುತ್ತದೆ ಎಂದು ಬಿಡಿಸಿ ಹೇಳಿದ. ಮಾಮಾನ ಮುಖ ಅರಳಿತು. "ನಾ ಹೇಳಲಿಲ್ಲಾ? ಬರೂವಾಗ ಏರು!"

ಅವ್ವ ನಕ್ಕುಬಿಟ್ಟಳು. ನಕ್ಕ ಮೇಲೆ ಬೇಡವೆನ್ನುವುದು ಕಷ್ಟವಲ್ಲವೇ? ಮದುವೆಯಾಯಿತು.

ಹೊರಡುವ ದಿನ ಮಾಮಾ ಮೆಣಸಿನಕಾಯಿಯ ಗಂಟು ಹೊತ್ತು ಬ್ಯಾಡಗಿ ಸ್ಟೇಷನ್ನಿಗೆ ಬಂದ. "ವಿಮಾನದಾಗ ತೂಕ ನೋಡ್ತಾರ ಮಾಮಾ" ಎಂದೆ.

"ಇಳಿಜಾರಿನಾಗ ಎಂಥಾ ತೂಕ?" ಎನ್ನುತ್ತ ಗಂಟನ್ನು ಸೀಟಿನ ಕೆಳಗೆ ತುರುಕಿ ಇಳಿದ. ಗಾಡಿ ಹೊರಟಾಗ ಕಿಟಕಿಯ ಸರಳು ಹಿಡಿದು ಜೊತೆಗೇ ನಡೆದ. "ಏರು ಐತಿ ಅಂತ ಬರೂದು ಬಿಡಬ್ಯಾಡವಾ" ಎಂದ.

ಮುಂದಿನ ವರ್ಷ ಚೊಚ್ಚಲಿಗೆ ಹೊರಟೆ. ಗಂಡನಿಗೆ ರಜೆ ಸಿಗಲಿಲ್ಲ. ಏಳು ತಿಂಗಳ ಬಸಿರಿ, ಒಬ್ಬಳೇ ಹೆದರುತ್ತ ಮುಂಬಯಿಯಲ್ಲಿ ಇಳಿದೆ. ಹೊರಗೆ ಜನರ ನಡುವೆ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮಾಮಾ ನಿಂತಿದ್ದ! ಹುಬ್ಬಳ್ಳಿ ದಾಟಿ ಗೊತ್ತಿಲ್ಲದವನು, ಆ "ಹಾದ್ಯಾಗ ಸಿಗೂ ಊರಿಗೆ" ರೈಲಿನಲ್ಲಿ ನಿಂತುಕೊಂಡೇ ಬಂದಿದ್ದನಂತೆ.

"ಎಷ್ಟು ತಾಸಾತವಾ?"

"ನಾಲ್ಕೂವರಿ. ನೀ ಹೇಳಿದ್ದು ಖರೇ ಮಾಮಾ, ಭಾಳ ಏರು ಐತಿ."

ಗೆದ್ದೆನೆಂದು ಕುಣಿಯಬೇಕಾದವನು ನನ್ನ ಪೆಟ್ಟಿಗೆಯನ್ನು ಹೆಗಲಿಗೇರಿಸಿದ. ಅವನ ಕಣ್ಣು ತುಂಬಿತ್ತು.

"ಹೊಟ್ಟೀಲೆ ಇದ್ದಾಕಿನ್ನ ಏರಿನಾಗ ಒಬ್ಬಾಕಿನ್ನ ಬಿಡಬಾರದವಾ. ಅದಕ್ಕ ಬಂದೆ."