ದೀಪ ಹಚ್ಚುವ ಮೊದಲಿನ ಮೊಸರು

ಮುನವಳ್ಳಿಯ ಟೇಲರ್ ಸಾಜಿದ್ ಬಾಯಿ ತಪ್ಪಿ ಒಂದು ಮಾತಾಡಿಬಿಟ್ಟಿದ್ದ. ರಕ್ತದಲ್ಲಿ ಕೊಬ್ಬು ಏರಿದೆ ಎಂದು ಡಾಕ್ಟರು ಅವನಿಗೆ ಹೇಳಿದ ದಿನದಿಂದ ಅವನ ಹೆಂಡತಿ ಮೆಹೆರಾಜ ಅಡುಗೆಗೆ ಎಣ್ಣೆ ಹಾಕುವುದನ್ನೇ ನಿಲ್ಲಿಸಿದ್ದಳು. ನಾಲ್ಕನೆಯ ದಿನ ಸಾಜಿದ್ ತಟ್ಟೆ ಸರಿಸಿ, "ಇದೇನ್ ಊಟಾನೋ, ದವಾಖಾನಿ ಔಷಧಾನೋ?" ಅಂದ. ಅವಳು ಅವತ್ತೇ ಸವದತ್ತಿಯ ತವರಿಗೆ ಹೋದಳು. ಎಂಟು ದಿನ ಫೋನೂ ಎತ್ತಲಿಲ್ಲ. ಒಂಬತ್ತನೆಯ ದಿನ ತಾನೇ ಮಾಡಿದಳು.

"ಇವತ್ತ ಸಂಜಿಕ ಅಬ್ಬಾನ ಜೋಡಿ ಬರತೇನಿ. ಎಣ್ಣಿ ಇಲ್ಲದ ಖಾರದ ಕೋಳಿ, ಗಟ್ಟಿ ಮೊಸರಿನ ಸೌತಿಕಾಯಿ ಪಚಡಿ, ಎರಡೂ ನೀವ ಮಾಡಿ ಬಡಸ್ರಿ. ಆಮ್ಯಾಲ ಮುಂದಿನ ಮಾತು."

ಅಂದರೆ ಅಡುಗೆ ಸರಿಹೋದರೆ ಹೆಂಡತಿ ಮನೆಗೆ, ಕೆಟ್ಟರೆ ಮತ್ತೆ ತವರಿಗೆ. ಸಾಜಿದ್ ಹೊಲಿಗೆ ಯಂತ್ರವನ್ನು ಅರ್ಧಕ್ಕೇ ನಿಲ್ಲಿಸಿದ. ಅಂಗಡಿ ಮುಚ್ಚಿ, ಚರ್ಮ ತೆಗೆಸಿದ ಕೋಳಿ ತಂದ. ಈರುಳ್ಳಿಯನ್ನು ಒಣ ತವೆಯ ಮೇಲೆ ಹುರಿದು ಮಸಾಲೆ ಅರೆದ. ಕೋಳಿಯನ್ನು ಅದರದೇ ನೀರಿನಲ್ಲಿ ಬೇಯಲು ಇಟ್ಟು ಸೌತೆಕಾಯಿ ತರಲು ಓಡಿದ.

ತಿರುಗಿ ಬಂದರೆ ಎಡಗಡೆ ಮನೆಯ ನೂರಬಿ ಖಾಲಾ ಒಲೆಯ ಮುಂದೆ ನಿಂತಿದ್ದಳು, ಕೈಯಲ್ಲಿ ಎಣ್ಣೆಯ ಡಬ್ಬಿ.

"ಖಾಲಾ, ಏನ್ ಮಾಡಿದ್ರಿ?"

"ಎಣ್ಣಿ ಹಾಕೂದ ಮರತೀಯಲ್ಲಪಾ. ಗಂಡಸರ ಅಡಗಿ! ಎರಡ ಸೌಟ ಹಾಕೇನಿ, ಇನ್ನ ಚಿಂತಿ ಬ್ಯಾಡ."

ಪಾತ್ರೆಯಲ್ಲಿ ಕೆಂಪು ಎಣ್ಣೆ ತೇಲುತ್ತಿತ್ತು. ಸಾಜಿದನಿಗೆ ಅಳುವೇ ಬಂತು. ಖಾಲಾಳನ್ನು ಹೇಗೋ ಸಾಗಹಾಕಿ, ತುಂಡುಗಳನ್ನೆಲ್ಲ ಜರಡಿಗೆ ಸುರಿದು ಬಿಸಿನೀರಿನಲ್ಲಿ ತೊಳೆದ. ಬದುಕಿದ್ದಾಗ ಆ ಕೋಳಿಗೆ ಇಂಥ ಸ್ನಾನ ಆಗಿರಲಿಲ್ಲ. ಎಣ್ಣೆಯ ಜೊತೆ ಮಸಾಲೆಯೂ ಹೋಯಿತು. ಹೊಸ ಮಸಾಲೆ ಅರೆಯುವಾಗ, ಎಲ್ಲಿ ಸಪ್ಪಗಾದೀತೋ ಎಂಬ ಭಯಕ್ಕೆ ಮೆಣಸಿನಕಾಯಿ ಇಮ್ಮಡಿ ಹಾಕಿದ. ಬೆಂದ ಮೇಲೆ ರುಚಿ ನೋಡಿದರೆ ಕಿವಿಯಲ್ಲಿ ಹೊಗೆ ಬಂತು.

ಇನ್ನು ಆ ಖಾರವನ್ನು ತಡೆಯುವುದು ಗಟ್ಟಿ ಮೊಸರೊಂದೇ. ಅದು ಸಿಗುವುದು ಎಮ್ಮೆ ಕಟ್ಟಿದ್ದ ಬಲಗಡೆ ಮನೆಯ ಸೋಮವ್ವನ ಹತ್ತಿರ. ಆದರೆ ಹೊತ್ತು ಮುಳುಗುತ್ತಿತ್ತು. ದೇವರಿಗೆ ದೀಪ ಹಚ್ಚಿದ ಮೇಲೆ ಸೋಮವ್ವ ಒಡಹುಟ್ಟಿದ ತಂಗಿಗೂ ಹೊರಗೆ ಮೊಸರು ಕೊಡುವವಳಲ್ಲ.

ಬೋಗುಣಿ ಹಿಡಿದು ಓಡಿದ. ಸೋಮವ್ವ ಆಗಲೇ ಕಡ್ಡಿ ಗೀರಿದ್ದಳು.

"ಸೋಮವ್ವಾರ, ತಡೀರಿ! ಮದಲ ಮೊಸರು!"

"ಕಡ್ಡಿ ಹತ್ತೇತಲ್ಲೋ!"

"ದೀಪ ಹತ್ತಿಲ್ಲಲ್ರಿ! ಮೆಹೆರಾಜ ಬರಾಕ ಹತ್ಯಾಳ. ನನ್ನ ಸಂಸಾರ ನಿಮ್ಮ ಕೈಯಾಗ ಐತ್ರಿ!"

ಯಾವುದು ಮೊದಲು ಎಂದು ಸೋಮವ್ವ ಯೋಚಿಸುವಷ್ಟರಲ್ಲಿ ಕಡ್ಡಿ ಬೆರಳಿಗೆ ಚುರ್ ಎಂದಿತು. ಅದನ್ನು ಒಗೆದು, ಗಡಿಗೆಯ ಕೆನೆ ಸರಿಸಿ, ಬೋಗುಣಿ ತುಂಬಿದಳು. "ಸೌತಿಕಾಯಿಗೆ ಅಷ್ಟ ಹಾಕು. ನಮ್ಮ ಮೊಸರು ಕೋಳಿಗೆ ಹತ್ತಬಾರದು ನೋಡ್!"

ಏಳಕ್ಕೆ ಬಾಗಿಲಲ್ಲಿ ಆಟೋ ನಿಂತಿತು. ಮೆಹೆರಾಜ ಇಳಿದಳು. ಹಿಂದೆ ಮಾವ ರಹಿಮಾನಸಾಬರು, ಕೈಯಲ್ಲಿ ದೊಡ್ಡ ಬ್ಯಾಗು. ಬ್ಯಾಗು ನೋಡಿ ಸಾಜಿದನಿಗೆ ಹೋದ ಜೀವ ಬಂದಂತಾಯಿತು. ಅವಳು ಉಳಿಯುವ ಮನಸ್ಸಿನಿಂದಲೇ ಬಂದಿದ್ದಾಳೆ, ಊಟವೊಂದು ಸರಿಹೋದರೆ ಸಾಕು!

ಮಾವ ಮೊದಲ ತುತ್ತಿಗೆ ಬೆವರಿದರು. ಎರಡನೆಯದಕ್ಕೆ ಪಚಡಿಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ ನಾಲ್ಕು ರೊಟ್ಟಿ ಮುಗಿದವು. ಮೆಹೆರಾಜ ತಟ್ಟೆಯನ್ನು ಬೆಳಕಿಗೆ ಓರೆ ಮಾಡಿ ನೋಡಿದಳು. ಒಂದು ಹನಿ ಎಣ್ಣೆಯಿಲ್ಲ. ಅವಳ ಕಣ್ಣು ತುಂಬಿದ್ದು ಖಾರಕ್ಕೋ ಪ್ರೀತಿಗೋ ಗೊತ್ತಾಗಲಿಲ್ಲ.

"ಪಾಸಾದ್ರಿ ನೀವು," ಅಂದಳು.

ಸಾಜಿದ್ ಹಿಗ್ಗಿನಿಂದ ಬ್ಯಾಗು ಎತ್ತಿಕೊಂಡು ಒಳಗೆ ನಡೆದ.

"ಹಗೂರಕ ಇಡ್ರಿ, ಅದರಾಗ ಅಬ್ಬಾನ ಗುಳಿಗಿ ಅದಾವು."

"ಇದು ಮಾವಾರ ಬ್ಯಾಗಾ?"

"ಹೂಂ. ಅಮ್ಮೀದು ಮೊಣಕಾಲ ಆಪರೇಷನ್ ಐತಿ, ಬೆಳಗಾವಿಯಾಗ. ತಿಂಗಳತನಕ ನಾ ಅಕಿ ಜೋಡಿ ಇರಬೇಕು. ಅಬ್ಬಾಗೂ ಡಾಕ್ಟರು ಎಣ್ಣಿ ಬಂದ್ ಮಾಡ್ಯಾರ. ಇವರನ್ನ ಯಾರ ಕೈಯಾಗ ಬಿಡೂದು ಅಂತ ಚಿಂತಿ ಆಗಿತ್ತು, ಇವತ್ತ ಹೋತು. ಎಂಟರ ಬಸ್ಸಿಗೆ ಸವದತ್ತಿಗೆ ತಿರುಗಿ ಹೋಗತೇನಿ."

ಸಾಜಿದ್ ಬ್ಯಾಗು ಹಿಡಿದು ನಿಂತೇ ಇದ್ದ. ಮಾವ ಅದರೊಳಗಿಂದ ಲುಂಗಿ ಎಳೆದು ಕೊಡವಿದರು. "ಸಾಜಿದ್ ಮಿಯಾ, ನಾಳಿಗೆ ಖಾರ ಒಂಚೂರ ಕಡಿಮಿ ಇರ್ಲಿ."

ಗೋಡೆಯಾಚೆಯಿಂದ ಸೋಮವ್ವನ ದನಿ ಬಂತು: "ನಾಳಿ ಲಗೂನ ಬಾರೋ ತಮ್ಮಾ, ಕಡ್ಡಿ ಗೀರೂಕಿಂತ ಮದಲ!"